ಕ್ಯಾಪ್ಟನ್ ಇರುವ ಹಾಯಿದೋಣಿಯಲ್ಲಿ ಏಳು ದಿನ: ಹೊರಡುವ ಮುಂಚೆ ಗೊತ್ತಿರಬೇಕಾದದ್ದು

ಪ್ರಶ್ನೆ: ಬರುವ ಫೆಬ್ರವರಿಯಲ್ಲಿ ನಾವು ಆರು ಜನ ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲಿ ಏಳು ರಾತ್ರಿಗಳಿಗೆ 50 ಅಡಿಯ ಕ್ಯಾಟಮರಾನ್ (ಎರಡು ಒಡಲಿನ ಹಾಯಿದೋಣಿ) ಗೊತ್ತುಮಾಡಿದ್ದೇವೆ. ಕ್ಯಾಪ್ಟನ್ ಮತ್ತು ಅಡುಗೆಯವರು ದೋಣಿಯಲ್ಲೇ ಇರುತ್ತಾರೆ. ನಾವಿಬ್ಬರು, 13 ಮತ್ತು 9 ವರ್ಷದ ಮಕ್ಕಳು, ನನ್ನ ತಂಗಿ, ಮಂಡಿನೋವಿರುವ 68ರ ಅಮ್ಮ. ಅಮ್ಮನಿಗೂ ತಂಗಿಗೂ ಈಜು ಬರುವುದಿಲ್ಲ. ತಂಗಿಗೆ ಬಸ್ಸಿನಲ್ಲೇ ಹೊಟ್ಟೆ ತೊಳಸುತ್ತದೆ. ಒಂಬತ್ತು ಜಾಗಗಳ ಪಟ್ಟಿ ಮಾಡಿಟ್ಟಿದ್ದೇನೆ, ಎರಡನೇ ದಿನವೇ ಅನೆಗಾಡಾ ದ್ವೀಪ. ದಿನ ಹೇಗೆ ಕಳೆಯುತ್ತದೆ, ಟಾಯ್ಲೆಟ್ಟು-ನೀರಿನ ಗತಿ ಏನು, ಏನೇನು ತರಬೇಕು, ಟಿಪ್ ಎಷ್ಟು ಕೊಡಬೇಕು?

ಉತ್ತರ: ಮೊದಲು ಆ ಒಂಬತ್ತು ಜಾಗಗಳನ್ನು ಐದಕ್ಕೆ ಇಳಿಸಿ, ಯಾವುದು ಯಾವ ದಿನ ಎನ್ನುವುದನ್ನು ಕ್ಯಾಪ್ಟನ್‌ಗೆ ಬಿಟ್ಟುಬಿಡಿ. ನಿಮ್ಮ ಉಳಿದ ಆತಂಕಗಳಲ್ಲಿ ಅರ್ಧ ಅಲ್ಲೇ ಕಳೆಯುತ್ತವೆ.

ಕಾರಣ ಗಾಳಿ. ಫೆಬ್ರವರಿಯಲ್ಲಿ ಅಲ್ಲಿ ವಾಣಿಜ್ಯ ಮಾರುತ ಪೂರ್ವ, ಈಶಾನ್ಯ ದಿಕ್ಕುಗಳಿಂದ ಹಗಲೂ ರಾತ್ರಿ ಬೀಸುತ್ತಿರುತ್ತದೆ. ಸಾಮಾನ್ಯವಾಗಿ 15ರಿಂದ 20 ನಾಟ್ (ಗಂಟೆಗೆ ಸುಮಾರು 28ರಿಂದ 37 ಕಿ.ಮೀ.), ಕೆಲವು ದಿನ 25ನ್ನೂ ದಾಟುತ್ತದೆ. ನೀವು ಹತ್ತುವುದು ಅಲ್ಲಿನ ಮುಖ್ಯ ದ್ವೀಪ ಟೋರ್ಟೋಲಾದಲ್ಲಿ. ನೀವು ನೋಡಬೇಕೆಂದಿರುವ ವರ್ಜಿನ್ ಗೋರ್ಡಾ ಇರುವುದು ಪೂರ್ವಕ್ಕೆ, ಅಂದರೆ ಗಾಳಿಯ ಬಾಯಿಗೆ ನೇರ. ಹಾಯಿದೋಣಿ ಗಾಳಿಗೆ ನೇರವಾಗಿ ಎದುರು ಹೋಗಲಾರದು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ತಿರುಗುತ್ತಾ ಮುಂದೆ ಸಾಗಬೇಕು. 45 ಡಿಗ್ರಿ ಓರೆಯಲ್ಲಿ ಹೋದರೂ ನಕ್ಷೆಯ 12 ಮೈಲಿ ನೀರಿನಲ್ಲಿ 17 ಮೈಲಿಯಾಗುತ್ತದೆ, ಕ್ಯಾಟಮರಾನ್‌ಗಳು ಗಾಳಿಯ ದಿಕ್ಕಿಗೆ ಅಷ್ಟು ಹತ್ತಿರವಾಗಿ ಹೋಗುವುದೂ ಇಲ್ಲ. ಆಗ ಅಲೆಗಳೂ ಎದುರಿನಿಂದ ಬಂದು ಎರಡು ಒಡಲುಗಳ ನಡುವಿನ ನೆಲಕ್ಕೆ ಕೆಳಗಿನಿಂದ ಧಡ್ ಎಂದು ಬಡಿಯುತ್ತವೆ. ಮೊದಲ ಸಲ ಬಂದವರು ದೋಣಿಗೆ ಏನೋ ಡಿಕ್ಕಿ ಹೊಡೆಯಿತೆಂದೇ ತಿಳಿಯುತ್ತಾರೆ. ಅದೇ ದಾರಿಯನ್ನು ಮರಳಿ ಪಶ್ಚಿಮಕ್ಕೆ ಬರುವಾಗ ಗಾಳಿ ಬೆನ್ನಿಗಿರುತ್ತದೆ. ಚಹಾ ಲೋಟ ಮೇಜಿನ ಮೇಲಿಟ್ಟರೂ ಚೆಲ್ಲದಷ್ಟು ಮೆತ್ತಗೆ ಸಾಗುತ್ತದೆ.

ಆದ್ದರಿಂದ ನಿಮ್ಮ ಗುಂಪಿಗೆ ಹೊಂದುವ ಕ್ರಮ ಹೀಗಿರಬೇಕು. ಮೊದಲ ದಿನ ಮಧ್ಯಾಹ್ನ ಹತ್ತಿ, ಸರ್ ಫ್ರಾನ್ಸಿಸ್ ಡ್ರೇಕ್ ಜಲಮಾರ್ಗವನ್ನು ಅಡ್ಡಕ್ಕೆ ದಾಟಿ ನಾರ್ಮನ್ ದ್ವೀಪದ ದೊಡ್ಡ ಕೊಲ್ಲಿ. ಒಂದು ಗಂಟೆಯ ದಾರಿ, ಎರಡೂ ಕಡೆ ದ್ವೀಪಗಳ ಮರೆ. ಎರಡನೇ ದಿನ ಸಾಲ್ಟ್ ಅಥವಾ ಕೂಪರ್ ದ್ವೀಪದವರೆಗೆ ಸ್ವಲ್ಪ ಪೂರ್ವಕ್ಕೆ. ಮೂರನೇ ದಿನ ವರ್ಜಿನ್ ಗೋರ್ಡಾ, ಅದರ ಉತ್ತರದ ತುದಿಯ ನಾರ್ತ್ ಸೌಂಡ್ ಎಂಬ ಮುಚ್ಚಿದ ಕೊಲ್ಲಿಯಲ್ಲಿ ಎರಡು ರಾತ್ರಿ. ಅನೆಗಾಡಾ ಐದನೇ ದಿನ, ಅದೂ ತಂಗಿ ಚೆನ್ನಾಗಿದ್ದರೆ ಮಾತ್ರ. ಅಲ್ಲಿಂದ ಮುಂದೆ ಎಲ್ಲವೂ ಗಾಳಿ ಬೆನ್ನಿಗಿಟ್ಟುಕೊಂಡು ಪಶ್ಚಿಮಕ್ಕೆ.

ಅನೆಗಾಡಾವನ್ನು ಎರಡನೇ ದಿನ ಏಕೆ ಬೇಡ ಎನ್ನುತ್ತೇನೆಂದರೆ, ನಾರ್ತ್ ಸೌಂಡ್‌ನಿಂದ ಅಲ್ಲಿಗೆ ಸುಮಾರು 15 ನಾಟಿಕಲ್ ಮೈಲಿ ತೆರೆದ ಅಟ್ಲಾಂಟಿಕ್. 7 ನಾಟ್ ವೇಗದಲ್ಲಿ ಎರಡು ಗಂಟೆಗೂ ಮೇಲೆ, ಮಗ್ಗುಲಿಗೆ ಹೊಡೆಯುವ ಅಲೆ, ಮರೆ ಕೊಡುವ ದ್ವೀಪ ಒಂದೂ ಇಲ್ಲ. ಆ ದ್ವೀಪದ ಅತಿ ಎತ್ತರದ ಜಾಗವೇ ಎಂಟೂವರೆ ಮೀಟರ್ ಆಸುಪಾಸು, ಹಾಗಾಗಿ ಬಹಳ ಹತ್ತಿರ ಹೋಗುವವರೆಗೆ ಕಾಣುವುದೂ ಇಲ್ಲ. ಮೊದಲು ಕಾಣುವುದು ನೀರಿನ ಮೇಲೆ ನಿಂತಂತಿರುವ ಮರಗಳ ತಲೆ. ಸುತ್ತ ಹಾರ್ಸ್‌ಶೂ ಎಂಬ ಉದ್ದನೆಯ ಹವಳದ ದಿಬ್ಬವಿದೆ. ಸೂರ್ಯ ನೆತ್ತಿಯ ಮೇಲಿದ್ದರೆ ನೀರಿನ ಬಣ್ಣ ನೋಡಿ ದಾರಿ ಹಿಡಿಯಬಹುದು, ಇಳಿಬಿಸಿಲಿನಲ್ಲಿ ಅದು ಆಗದ ಮಾತು. ಬೆಳಿಗ್ಗೆ ಬೇಗ ಹೊರಡೋಣ ಎಂದು ಕ್ಯಾಪ್ಟನ್ ಅವಸರಿಸುವುದು ಇದಕ್ಕೇ. ಅನೆಗಾಡಾ ತಪ್ಪಿದರೆ ರಜೆ ಹಾಳಾಯಿತು ಎಂದುಕೊಳ್ಳಬೇಡಿ. ಮಗ್ಗುಲಲೆಯಲ್ಲಿ ಎರಡು ಗಂಟೆ ಬಕೆಟ್ ಹಿಡಿದು ಕೂತವರಿಗೆ ಫ್ಲೆಮಿಂಗೊ ನೋಡುವ ಉತ್ಸಾಹ ಉಳಿದಿರುವುದಿಲ್ಲ.

ಚಳಿಗಾಲದಲ್ಲಿ ಇನ್ನೊಂದು ತೊಡಕಿದೆ. ಉತ್ತರ ಅಟ್ಲಾಂಟಿಕ್‌ನಲ್ಲಿ ಎಲ್ಲೋ ದೂರ ಎದ್ದ ಬಿರುಗಾಳಿಯ ಅಲೆಗಳು ದಿನಗಟ್ಟಲೆ ಉರುಳಿ ಬಂದು ಈ ದ್ವೀಪಗಳ ಉತ್ತರದ ದಡಗಳಿಗೆ ಅಪ್ಪಳಿಸುತ್ತವೆ. ಆಕಾಶ ನಿರ್ಮಲ, ಗಾಳಿಯೂ ಹಿತ, ಆದರೆ ಟೋರ್ಟೋಲಾದ ಕೇನ್ ಗಾರ್ಡನ್ ಕೊಲ್ಲಿ, ಯೋಸ್ಟ್ ವಾನ್ ಡೈಕ್‌ನ ವೈಟ್ ಬೇ ಎರಡೂ ತಂಗಲು ಯೋಗ್ಯವಲ್ಲ. ಇಂಥ ದಿನ ಕ್ಯಾಪ್ಟನ್ “ಬೇಡ” ಎಂದರೆ ವಾದಕ್ಕಿಳಿಯಬೇಡಿ. ಸುರಕ್ಷತೆಯ ವಿಷಯದಲ್ಲಿ ಕೊನೆಯ ಮಾತು ಅವರದ್ದೇ ಎಂದು ನೀವು ಸಹಿ ಹಾಕುವ ಕರಾರಿನಲ್ಲೂ ಇರುತ್ತದೆ.

ವರ್ಜಿನ್ ಗೋರ್ಡಾದ ದಿ ಬಾತ್ಸ್ ನಿಮ್ಮ ಪಟ್ಟಿಯಲ್ಲಿದೆ, ಇರಲೇಬೇಕು: ಮನೆಯಷ್ಟು ದೊಡ್ಡ ಗ್ರಾನೈಟ್ ಬಂಡೆಗಳು ಒಂದರ ಮೇಲೊಂದು ಒರಗಿ, ನಡುವೆ ಸಮುದ್ರದ ನೀರು ತುಂಬಿದ ಗುಹೆಗಳು. ಆದರೆ ಅಲ್ಲಿ ಡಿಂಗಿಯನ್ನು, ಅಂದರೆ ದಡಕ್ಕೆ ಕರೆದೊಯ್ಯುವ ರಬ್ಬರ್ ದೋಣಿಯನ್ನು, ದಡಕ್ಕೆ ಹತ್ತಿಸುವಂತಿಲ್ಲ. ಸ್ವಲ್ಪ ದೂರದಲ್ಲಿ ಕಟ್ಟಿರುವ ಹಗ್ಗಕ್ಕೆ ಬಿಗಿದು, ಉಳಿದ ದೂರ ಈಜಿಯೇ ಹೋಗಬೇಕು. ಬಂಡೆಗಳ ಒಳಗಿನ ದಾರಿಯಲ್ಲಿ ಬಗ್ಗಿ ತೂರುವುದು, ಏಣಿ ಹತ್ತುವುದು, ಹಗ್ಗ ಹಿಡಿದು ಇಳಿಯುವುದು ಎಲ್ಲವೂ ಇದೆ. ತಾಯಿಯವರಿಗೂ ತಂಗಿಗೂ ಸಮುದ್ರದ ಕಡೆಯಿಂದ ಇದು ಬೇಡ. ದೋಣಿಯನ್ನು ಸ್ಪ್ಯಾನಿಷ್ ಟೌನ್‌ನಲ್ಲಿ ನಿಲ್ಲಿಸಿ ಟ್ಯಾಕ್ಸಿಯಲ್ಲಿ ಮೇಲಿನ ಪ್ರವೇಶದ್ವಾರಕ್ಕೆ ಹೋಗಬಹುದು. ತಂಗಿ ಅಲ್ಲಿಂದ ಕಾಲುದಾರಿಯಲ್ಲಿ ಇಳಿಯಲಿ, ತಾಯಿಯವರು ಮೇಲೇ ನೆರಳಿನಲ್ಲಿ ಕೂತು ಸಮುದ್ರ ನೋಡಲಿ. ಕೆಂಪು ಬಾವುಟ ಹಾರುತ್ತಿದ್ದರೆ ಯಾರೂ ನೀರಿಗಿಳಿಯುವಂತಿಲ್ಲ. ಅಲ್ಲಿನ ಹಗಲಿನ ಬೋಯೆಗಳಿಗೆ (ತಳಕ್ಕೆ ಬಿಗಿದ ತೇಲುಗುಂಡುಗಳಿಗೆ) ದೋಣಿ ಕಟ್ಟಲು 90 ನಿಮಿಷದ ಮಿತಿ. ಹತ್ತು ಗಂಟೆಯ ಮೇಲೆ ಹೋದರೆ ಬೋಯೆಯೂ ಸಿಗುವುದಿಲ್ಲ, ಗುಹೆಯಲ್ಲಿ ಕಾಲಿಡಲು ಜಾಗವೂ ಇರುವುದಿಲ್ಲ.

ಈಗ ತಂಗಿಯವರ ಹೊಟ್ಟೆ. ದೋಣಿಯೊಳಗೆ ಕಣ್ಣು “ಎಲ್ಲವೂ ನಿಂತಿದೆ” ಎನ್ನುತ್ತದೆ, ಒಳಕಿವಿ “ಓಲಾಡುತ್ತಿದೆ” ಎನ್ನುತ್ತದೆ. ಈ ಜಗಳವೇ ತೊಳಸಿಗೆ ಕಾರಣ. ಔಷಧಿಯ ವಿಷಯದಲ್ಲಿ ಜನ ಮಾಡುವ ತಪ್ಪು ಒಂದೇ: ತೊಳಸು ಶುರುವಾದ ಮೇಲೆ ನುಂಗುವುದು. ಆ ಹೊತ್ತಿಗೆ ಹೊಟ್ಟೆ ಕೆಲಸ ನಿಧಾನಗೊಳಿಸಿರುತ್ತದೆ, ಮಾತ್ರೆ ಒಳಗೇ ಕೂತಿರುತ್ತದೆ ಅಥವಾ ಹೊರಬರುತ್ತದೆ. ಮೆಕ್ಲಿಝಿನ್ ಹೊರಡುವ ಒಂದು ಗಂಟೆ ಮುಂಚೆ, ಸಿನ್ನರಿಝಿನ್ ಎರಡು ಗಂಟೆ ಮುಂಚೆ. ಕಿವಿಯ ಹಿಂದೆ ಅಂಟಿಸುವ ಸ್ಕೊಪೊಲಮಿನ್ ಪಟ್ಟಿ ಕನಿಷ್ಠ ನಾಲ್ಕು ಗಂಟೆ ಮುಂಚೆ, ಅದು ಮೂರು ದಿನ ಕೆಲಸ ಮಾಡುತ್ತದೆ. ಪಟ್ಟಿ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ಕಣ್ಣುಜ್ಜಿದರೆ ಪಾಪೆ ಹಿಗ್ಗಿ ದೃಷ್ಟಿ ಮಂಜಾಗುತ್ತದೆ. ಗ್ಲಾಕೋಮಾ ಇರುವವರಿಗೆ ಅದು ಸಲ್ಲದು, ಮಕ್ಕಳಿಗೂ ಅಲ್ಲ. ವಯಸ್ಸಾದವರಲ್ಲಿ ಮನಸ್ಸಿಗೆ ಗೊಂದಲ ತರಬಹುದು, ಆದ್ದರಿಂದ ತಾಯಿಯವರಿಗೆ ವೈದ್ಯರನ್ನು ಕೇಳದೆ ಅಂಟಿಸಬೇಡಿ. ಯಾವ ಔಷಧಿಯಾದರೂ ಊರಿನಲ್ಲೇ ಒಂದು ದಿನ ತೆಗೆದುಕೊಂಡು ನೋಡಿ. ಕೆಲವರಿಗೆ ಇಡೀ ದಿನ ನಿದ್ದೆ ಹತ್ತುತ್ತದೆ.

ದೋಣಿ ಚಲಿಸುವಾಗ ತಂಗಿ ಹೊರಗೇ ಕೂತಿರಬೇಕು. ಜಾಗ ಹಿಂಭಾಗದ ನಡುವೆ, ನೋಟ ದಿಗಂತದ ಮೇಲೆ, ಮುಖಕ್ಕೆ ಗಾಳಿ. ಫೋನು, ಪುಸ್ತಕ ಬೇಡ. ಕೆಳಗಿನ ಕ್ಯಾಬಿನ್‌ಗೆ ಹೋಗಿ ಬ್ಯಾಗಿನಲ್ಲಿ ತಡಕಾಡುವುದು ಬೇಡವೇ ಬೇಡ. ಬೇಕಾದ ಟೋಪಿ, ನೀರಿನ ಬಾಟಲಿ, ಸನ್‌ಸ್ಕ್ರೀನ್ ಎಲ್ಲವನ್ನೂ ಲಂಗರು ಎತ್ತುವ ಮುಂಚೆಯೇ ಮೇಲೆ ತಂದಿಟ್ಟುಕೊಳ್ಳಲಿ. ಖಾಲಿ ಹೊಟ್ಟೆಯೂ ಕೆಟ್ಟದ್ದು, ಎಣ್ಣೆಯ ತಿಂಡಿಯೂ ಕೆಟ್ಟದ್ದು. ಒಣ ಬಿಸ್ಕತ್ತು, ಶುಂಠಿ, ಗುಟುಕು ಗುಟುಕು ನೀರು ಸಾಕು. ತೊಳಸು ಹತ್ತಿದರೆ ಕ್ಯಾಪ್ಟನ್‌ಗೆ ಹೇಳಲಿ, ಅವರು ಚುಕ್ಕಾಣಿ ಕೈಗೆ ಕೊಡುತ್ತಾರೆ. ಇದು ಸಮಾಧಾನಕ್ಕೆ ಮಾಡುವುದಲ್ಲ: ದೋಣಿ ಯಾವ ಕಡೆ ವಾಲಲಿದೆ ಎಂದು ಓಡಿಸುವವರ ಮೈಗೆ ಮೊದಲೇ ಗೊತ್ತಾಗುತ್ತದೆ, ಹಾಗಾಗಿ ತೊಳಸು ಇಳಿಯುತ್ತದೆ. ವಾಂತಿ ಬಂದೇಬಿಟ್ಟರೆ ಗಾಳಿ ಹೋಗುವ ಕಡೆಯ ಅಂಚಿಗೆ, ಯಾರಾದರೂ ಹಿಡಿದುಕೊಂಡಿರಲಿ, ಅಥವಾ ಬಕೆಟ್ಟಿಗೆ. ಟಾಯ್ಲೆಟ್ಟಿಗೆ ಓಡಬಾರದು, ಗಾಳಿಯಿಲ್ಲದ ಆ ಪುಟ್ಟ ಕೋಣೆಯಲ್ಲಿ ತೊಳಸು ಎರಡರಷ್ಟಾಗುತ್ತದೆ. ಹೆಚ್ಚಿನವರಿಗೆ ಎರಡು ಮೂರು ದಿನಗಳಲ್ಲಿ ಮೈ ಒಗ್ಗುತ್ತದೆ. ಅನೆಗಾಡಾವನ್ನು ಐದನೇ ದಿನಕ್ಕೆ ತಳ್ಳಿದ್ದಕ್ಕೆ ಇದೂ ಒಂದು ಕಾರಣ.

ದಿನ ಹೇಗೆ ಕಳೆಯುತ್ತದೆ ಎಂದು ಕೇಳಿದ್ದೀರಿ. ಏಳು ಗಂಟೆಗೆ ಎದ್ದವರು ನೀರಿಗೆ ಹಾರಿ ಬರುತ್ತಾರೆ, ಎಂಟಕ್ಕೆ ತಿಂಡಿ, ಒಂಬತ್ತೂವರೆಗೆ ಲಂಗರು ಮೇಲೆ. ಎರಡು ಗಂಟೆ ಹಾಯಿ, ಹೆಚ್ಚೆಂದರೆ ಮೂರು. ಶಾಂತವಾದ ಕಡೆ ದೋಣಿ ನಿಲ್ಲಿಸಿ ಊಟ, ಆಮೇಲೆ ಸ್ನಾರ್ಕೆಲ್, ಅಂದರೆ ಮಾಸ್ಕ್ ಹಾಕಿ ಕೊಳವೆಯಲ್ಲಿ ಉಸಿರಾಡುತ್ತಾ ನೀರೊಳಗೆ ನೋಡುವುದು. ಮಧ್ಯಾಹ್ನ ಎರಡು-ಮೂರರ ಹೊತ್ತಿಗೆ ಆ ರಾತ್ರಿಯ ಜಾಗ ಹಿಡಿದಿರಬೇಕು, ತಡವಾದರೆ ಬೋಯೆಗಳು ತುಂಬಿರುತ್ತವೆ. ಫೆಬ್ರವರಿಯಲ್ಲಿ ಆರೂ ಕಾಲು ದಾಟಿದ ಮೇಲೆ ಸೂರ್ಯ ಮುಳುಗುತ್ತಾನೆ, ಏಳಕ್ಕೆ ಊಟ, ಒಂಬತ್ತಕ್ಕೆ ಎಲ್ಲರೂ ಮಲಗಿರುತ್ತಾರೆ. ಇಡೀ ದಿನ ಓಲಾಡುವ ನೆಲದ ಮೇಲೆ ಮೈ ಸಮತೋಲನ ಕಾಯ್ದುಕೊಂಡು ದಣಿದಿರುತ್ತದೆ. 13ರ ಮಗಳೋ ಮಗನೋ ಮೊದಲ ಎರಡು ದಿನ ವೈಫೈ ಕೇಳಬಹುದು. ಹಾಯಿ ಎತ್ತುವ ಹಗ್ಗ ಕೈಗೆ ಕೊಡಿಸಿ ನೋಡಿ.

ಆದರೆ ಹಗ್ಗ ಕೈಗೆ ಕೊಡುವ ಮುಂಚೆ ವಿಂಚ್ (ಹಗ್ಗ ಸುತ್ತಿ ಬಿಗಿಯುವ ಉರುಳೆ) ಬಳಸುವುದು ಹೇಗೆ ಎನ್ನುವುದನ್ನು ಕ್ಯಾಪ್ಟನ್ ತೋರಿಸುವವರೆಗೆ ಮಕ್ಕಳು ಕಾಯಬೇಕು. ಉರುಳೆಗೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಮೂರು ಸುತ್ತು, ಹೆಬ್ಬೆರಳು ಸುತ್ತಿನ ಹತ್ತಿರ ಬರಕೂಡದು. ಗಾಳಿ ಜಗ್ಗಿದರೆ ಬೆರಳು ಹಗ್ಗದ ಕೆಳಗೆ ಸಿಕ್ಕಿಕೊಳ್ಳುತ್ತದೆ. ಲಂಗರಿನ ಸರಪಳಿ ಓಡುವಾಗ ಮುಂಭಾಗಕ್ಕೆ ಯಾರೂ ಹೋಗಬಾರದು. ಡೆಕ್ ಮೇಲೆ ನಡೆಯುವಾಗ ಯಾವಾಗಲೂ ಒಂದು ಕೈ ಏನನ್ನಾದರೂ ಹಿಡಿದಿರಲಿ. ಗ್ಲಾಸು, ಫೋನು ಎರಡೂ ಕೈಯಲ್ಲಿ ಹಿಡಿದು ನಡೆಯುವವರೇ ಬೀಳುವುದು.

ತಾಯಿಯವರಿಗೆ ಕ್ಯಾಟಮರಾನ್ ಒಳ್ಳೆಯ ಆಯ್ಕೆ. ಒಂದೇ ಒಡಲಿನ ಹಾಯಿದೋಣಿ ಗಾಳಿಗೆ 15-20 ಡಿಗ್ರಿ ವಾಲಿಕೊಂಡೇ ಓಡುತ್ತದೆ, ಕ್ಯಾಟಮರಾನ್ ಹೆಚ್ಚು ಕಡಿಮೆ ಮಟ್ಟಸವಾಗಿರುತ್ತದೆ. ಮೇಲಿನ ಕೂರುವ ಜಾಗ, ಊಟದ ಮೇಜು ಒಂದೇ ಮಟ್ಟದಲ್ಲಿರುತ್ತವೆ. ಕ್ಯಾಬಿನ್‌ಗೆ ಮಾತ್ರ ನಾಲ್ಕೈದು ಕಡಿದಾದ ಮೆಟ್ಟಿಲು. ಅವರಿಗೆ ಹಿಂದಿನ ಕ್ಯಾಬಿನ್ ಕೊಡಿ, ಅಲ್ಲಿ ಕುಲುಕಾಟ ಕಡಿಮೆ. ಮುಂದಿನ ಕ್ಯಾಬಿನ್‌ನಲ್ಲಿ ಗಾಳಿ ಚೆನ್ನಾಗಿ ಬರುತ್ತದೆ, ಆದರೆ ರಾತ್ರಿಯಿಡೀ ಒಡಲಿಗೆ ನೀರು ಲೊಚಲೊಚ ಎನ್ನುವ ಸದ್ದು, ಬೋಯೆಯ ಹಗ್ಗದ ಕಿರ್ ಕಿರ್. ಮಕ್ಕಳಿಗೆ ಅದೇನೂ ಕೇಳಿಸದು.

ಮಂಡಿನೋವಿನವರಿಗೆ ನಿಜವಾದ ಪರೀಕ್ಷೆ ಡಿಂಗಿ. ದಿನಕ್ಕೆ ಎರಡು ಮೂರು ಸಲ ಹತ್ತಿ ಇಳಿಯಬೇಕು. ವಿಧಾನ ಹೀಗೆ: ಕೈಗಳು ಖಾಲಿ, ಚೀಲ ಬೇರೆಯವರ ಬಳಿ. ಡಿಂಗಿಯಲ್ಲಿ ನಿಂತ ಕ್ಯಾಪ್ಟನ್‌ನ ಬೆರಳು ಹಿಡಿಯದೆ ಮುಂಗೈಯನ್ನು ಹಿಡಿಯಬೇಕು, ಅವರೂ ಇವರ ಮುಂಗೈ ಹಿಡಿಯುತ್ತಾರೆ. ಒಬ್ಬರ ಹಿಡಿತ ಜಾರಿದರೂ ಇನ್ನೊಬ್ಬರದು ಉಳಿಯುತ್ತದೆ. ಅಲೆ ಡಿಂಗಿಯನ್ನು ಮೇಲೆತ್ತಿದ ಕ್ಷಣ ನಡು ನೆಲಕ್ಕೆ ಕಾಲಿಟ್ಟು ತಕ್ಷಣ ಕೂರಬೇಕು. ರಬ್ಬರ್ ಕೊಳವೆಯ ಮೇಲೆ ಕಾಲಿಟ್ಟರೆ ಒದ್ದೆಯಲ್ಲಿ ಜಾರುತ್ತದೆ. ಒಂದು ಕಾಲು ದೋಣಿಯಲ್ಲಿ, ಇನ್ನೊಂದು ಡಿಂಗಿಯಲ್ಲಿ ಇಟ್ಟು ಯೋಚಿಸುತ್ತಾ ನಿಲ್ಲುವುದು ಎಲ್ಲಕ್ಕಿಂತ ಅಪಾಯ, ಎರಡರ ನಡುವೆ ಅಂತರ ಬೆಳೆಯುತ್ತಲೇ ಹೋಗುತ್ತದೆ. ಕೂತ ಮೇಲೆ ಬೆರಳುಗಳು ಒಳಗೆ, ಇಲ್ಲದಿದ್ದರೆ ಎರಡು ದೋಣಿಗಳ ನಡುವೆ ಜಜ್ಜಿಹೋಗುತ್ತವೆ. ಕಟ್ಟೆ ಇಲ್ಲದ ಮರಳ ದಡಕ್ಕೆ ಇಳಿಯುವುದಾದರೆ ತೊಡೆಯವರೆಗೆ ನೆನೆಯಬೇಕಾಗಬಹುದು. ಆಗ ಡಿಂಗಿಯ ಪಕ್ಕಕ್ಕೆ ಇಳಿಯಬೇಕೇ ಹೊರತು ಡಿಂಗಿಗೂ ದಡಕ್ಕೂ ನಡುವೆ ನಿಲ್ಲಬಾರದು, ಹಿಂದಿನ ಅಲೆ ಅದನ್ನು ನಿಮ್ಮ ಮಂಡಿಗೇ ತಂದು ಗುದ್ದುತ್ತದೆ. ಕಟ್ಟೆ ಇರುವ ಜಾಗಗಳನ್ನೇ ಆರಿಸಿ ಎಂದು ಮುಂಚೆಯೇ ಬರೆದು ತಿಳಿಸಿ. ಈಜು ಬಾರದ ಇಬ್ಬರೂ ಡಿಂಗಿಯಲ್ಲಿ ಲೈಫ್ ಜಾಕೆಟ್ ಇಲ್ಲದೆ ಕೂರಬಾರದು. ಒಂಬತ್ತರ ಮಗುವಿನ ತೂಕ ಈಗಲೇ ತಿಳಿಸಿಬಿಡಿ, ಮಕ್ಕಳ ಜಾಕೆಟ್ ಅಳತೆ ತೂಕದ ಮೇಲೆ. ತೊಡೆಯ ಸಂದಿಯಲ್ಲಿ ಹಾಯುವ ಪಟ್ಟಿ ಇಲ್ಲದಿದ್ದರೆ ನೀರಿನಲ್ಲಿ ಜಾಕೆಟ್ ತಲೆಯ ಮೇಲಕ್ಕೆ ಜಾರುತ್ತದೆ.

ನೀರಿನ ಲೆಕ್ಕಕ್ಕೆ ಬರೋಣ. ಈ ಗಾತ್ರದ ದೋಣಿಯಲ್ಲಿ ಸಿಹಿನೀರಿನ ಟ್ಯಾಂಕು 700 ಲೀಟರ್ ಎಂದಿಟ್ಟುಕೊಳ್ಳಿ. ಶವರ್ ನಿಮಿಷಕ್ಕೆ 8 ಲೀಟರ್. ಸಿಬ್ಬಂದಿ ಸೇರಿ ಎಂಟು ಜನ ದಿನಕ್ಕೆರಡು ಸಲ ಐದೈದು ನಿಮಿಷ ನಿಂತರೆ 640 ಲೀಟರ್, ಒಂದೇ ದಿನಕ್ಕೆ ಟ್ಯಾಂಕು ಬರಿದು. ಮೈ ನೆನೆಸಿ ನಿಲ್ಲಿಸಿ, ಸೋಪು ಹಚ್ಚಿ, ತೊಳೆದುಕೊಂಡರೆ ಒಬ್ಬರಿಗೆ ಒಂದು ಸಲಕ್ಕೆ 10 ಲೀಟರ್ ಸಾಕು. ಅಲ್ಲಿಗೆ 160 ಲೀಟರ್. ದೋಣಿಯಲ್ಲಿ ಉಪ್ಪುನೀರನ್ನು ಸಿಹಿ ಮಾಡುವ ಯಂತ್ರ ಸಾಮಾನ್ಯವಾಗಿ ಇರುತ್ತದೆ, ಹಾಗಂತ ಅದು ನಲ್ಲಿಯಲ್ಲ. ಗಂಟೆಗೆ 100 ಲೀಟರ್ ಕೊಡುವ ಯಂತ್ರವೂ ಸಾಮಾನ್ಯವಾಗಿ ಜನರೇಟರ್ ಓಡಿದರೇನೇ ಕೆಲಸ ಮಾಡುವುದು, ಬಂದರಿನ ಕೊಳಕು ನೀರನ್ನು ಎಳೆದರೆ ಅದರ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಸಮುದ್ರಸ್ನಾನ ಮುಗಿಸಿ ಹಿಂದಿನ ಮೆಟ್ಟಿಲ ಬಳಿಯ ಕೈಶವರ್‌ನಲ್ಲಿ ಉಪ್ಪು ತೊಳೆದುಕೊಂಡೇ ಒಳಗೆ ಬನ್ನಿ. ಒದ್ದೆ ಚಡ್ಡಿಯಲ್ಲಿ ಹಾಸಿಗೆಯ ಮೇಲೆ ಕೂತರೆ ಆ ಉಪ್ಪು ಗಾಳಿಯ ತೇವ ಹೀರುತ್ತಲೇ ಇರುತ್ತದೆ, ವಾರವಿಡೀ ಹಾಸಿಗೆ ಒಣಗುವುದಿಲ್ಲ. ಹಾಯಿ ಏರಿಸುವ ಮುಂಚೆ ಕ್ಯಾಬಿನ್‌ನ ಮೇಲ್ಗಿಂಡಿ ಮುಚ್ಚದೆ ಬಂದರೂ ಫಲ ಇದೇ.

ಟಾಯ್ಲೆಟ್ ಬಗ್ಗೆ ನಾಚಿಕೆ ಬಿಟ್ಟು ಹೇಳುವುದಾದರೆ, ವಾರದ ರಜೆ ಕೆಡಿಸುವ ಶಕ್ತಿ ಬಿರುಗಾಳಿಗಿಂತ ಅದಕ್ಕೇ ಹೆಚ್ಚು. ಮನೆಯ ಕೊಳವೆ ನಾಲ್ಕು ಇಂಚು, ಇಲ್ಲಿಯದು 38 ಮಿಲಿಮೀಟರ್. ಸಮುದ್ರದ ನೀರು, ಮೂತ್ರ ಎರಡೂ ಸೇರಿ ಒಳಗೋಡೆಗೆ ಸುಣ್ಣದಂತೆ ಪದರ ಕಟ್ಟಿ ಅದು ಇನ್ನೂ ಕಿರಿದಾಗಿರುತ್ತದೆ. ಹೊಟ್ಟೆಯ ಮೂಲಕ ಬಂದದ್ದಲ್ಲದೆ ಬೇರೇನೂ ಒಳಗೆ ಹೋಗಬಾರದು. ಟಾಯ್ಲೆಟ್ ಪೇಪರ್ ಪಕ್ಕದ ಮುಚ್ಚಳದ ಡಬ್ಬಿಗೆ, ಒದ್ದೆ ವೈಪ್ ಮೇಲೆ “ಫ್ಲಶ್ ಮಾಡಬಹುದು” ಎಂದು ಬರೆದಿದ್ದರೂ ಡಬ್ಬಿಗೇ. ತಲೆಕೂದಲು, ಹಲ್ಲಿನ ದಾರ ಎರಡೂ ಮಲವನ್ನು ಕತ್ತರಿಸುವ ಟಾಯ್ಲೆಟ್ಟಿನ ಮೋಟರಿಗೆ ಸುತ್ತಿಕೊಳ್ಳುತ್ತವೆ. ಇನ್ನೊಂದು ತಪ್ಪು, ನೀರು ಉಳಿಸುತ್ತೇವೆಂದು ಗುಂಡಿಯನ್ನು ಎರಡೇ ಸೆಕೆಂಡ್ ಒತ್ತಿ ಬಿಡುವುದು. ಬಟ್ಟಲು ಖಾಲಿಯಾಗಿ ಕಂಡರೂ ಮೂರು ಮೀಟರ್ ಕೊಳವೆಯಲ್ಲಿ ಮೂರೂವರೆ ಲೀಟರ್‌ನಷ್ಟು ಹಾಗೇ ನಿಂತಿರುತ್ತದೆ. ವಾಸನೆಗೂ ಸುಣ್ಣದ ಪದರಕ್ಕೂ ಅದೇ ಮೂಲ. ಕ್ಯಾಪ್ಟನ್ ಹೇಳಿದಷ್ಟು ಹೊತ್ತು ಒತ್ತಿ ಹಿಡಿಯಿರಿ. ಕಟ್ಟಿಕೊಂಡರೆ ಬಿಚ್ಚಿ ಕೈಯಿಂದ ತೆಗೆಯುವವರು ಸ್ವಲ್ಪ ಮುಂಚೆ ನಿಮಗೆ ತಿಂಡಿ ಬಡಿಸಿದವರೇ ಆಗಿರುತ್ತಾರೆ. ಬಟ್ಟಲಿನಲ್ಲಿ ನೀರು ಏರುತ್ತಿದ್ದರೆ ಮತ್ತೆ ಮತ್ತೆ ಒತ್ತಬೇಡಿ, ಕೂಡಲೇ ಹೇಳಿ.

ವಿದ್ಯುತ್ತೂ ಹಾಗೇ ಅಳೆದು ಬಳಸುವ ವಸ್ತು. 1800 ವ್ಯಾಟಿನ ಹೇರ್ ಡ್ರೈಯರ್ 12 ವೋಲ್ಟ್ ಬ್ಯಾಟರಿಯಿಂದ 150 ಆಂಪಿಯರ್ ಎಳೆಯುತ್ತದೆ. ಹತ್ತು ನಿಮಿಷಕ್ಕೆ 25 ಆಂಪಿಯರ್-ಅವರ್, ಇನ್ವರ್ಟರ್‌ನ ನಷ್ಟ ಬೇರೆ. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಕೆಟಲ್ ಹಾಕಿದ್ದರೆ ಇನ್ವರ್ಟರ್ ಟ್ರಿಪ್ ಆಗುತ್ತದೆ. ಡ್ರೈಯರ್ ಮನೆಯಲ್ಲೇ ಬಿಟ್ಟು ಬನ್ನಿ. ಪ್ಲಗ್ಗಿನ ಬಗೆ ದೋಣಿಯಿಂದ ದೋಣಿಗೆ ಬೇರೆ, 110 ವೋಲ್ಟೋ 220 ವೋಲ್ಟೋ ಎಂದು ಕೇಳಿಟ್ಟುಕೊಳ್ಳಿ. ಎ.ಸಿ. ಬೇಕೆಂದರೆ ಜನರೇಟರ್ ಓಡಬೇಕು. ಆ ಗಾಳಿಯಲ್ಲಿ ಕಿಂಡಿ ತೆರೆದು ಮಲಗಿದರೆ ಅದರ ಅಗತ್ಯ ಅಪರೂಪ.

ಬ್ಯಾಗುಗಳು ಮೆತ್ತನೆಯವು, ಮಡಚುವಂಥವು. ಗಟ್ಟಿ ಸೂಟ್‌ಕೇಸ್ ಇಡಲು ದೋಣಿಯಲ್ಲಿ ಜಾಗವೇ ಇಲ್ಲ, ಅದು ನಿಮ್ಮ ಹಾಸಿಗೆಯ ಮೇಲೇ ಇರುತ್ತದೆ. ತರುವ ಬಟ್ಟೆಯ ಅರ್ಧ ಸಾಕು. ಉದ್ದ ತೋಳಿನ ಈಜುಡುಪು ಎಲ್ಲರಿಗೂ ಬೇಕು. ಸ್ನಾರ್ಕೆಲ್ ಮಾಡುವವರು ಬೋರಲು ತೇಲುತ್ತಾರೆ, ಸುಡುವುದು ಮಂಡಿಯ ಹಿಂಭಾಗ ಮತ್ತು ಕತ್ತಿನ ಹಿಂಬದಿ. ಸಂಜೆ ಕೂರಲೂ ಆಗುವುದಿಲ್ಲ. ಸನ್‌ಸ್ಕ್ರೀನ್ ಝಿಂಕ್ ಆಕ್ಸೈಡ್ ಇರುವ ಕ್ರೀಮ್ ತನ್ನಿ, ಸ್ಪ್ರೇ ಬೇಡ. ಸ್ಪ್ರೇಯ ಎಣ್ಣೆ ಡೆಕ್ ಮೇಲೆ ಬಿದ್ದು ಮುಂದಿನವರು ಜಾರುತ್ತಾರೆ. ಪಕ್ಕದ ಅಮೆರಿಕನ್ ವರ್ಜಿನ್ ದ್ವೀಪಗಳಲ್ಲಿ ಆಕ್ಸಿಬೆಂಝೋನ್, ಆಕ್ಟಿನಾಕ್ಸೇಟ್, ಆಕ್ಟೊಕ್ರಿಲೀನ್ ಇರುವ ಸನ್‌ಸ್ಕ್ರೀನ್ 2020ರಿಂದ ನಿಷಿದ್ಧ. ದೋಣಿಯಲ್ಲಿ ಎಲ್ಲರೂ ಬರಿಗಾಲು, ಚಪ್ಪಲಿ ಹತ್ತುವಲ್ಲೇ ಬುಟ್ಟಿಗೆ ಹೋಗುತ್ತದೆ.

ಅಂದ ಹಾಗೆ ಆ ಅಮೆರಿಕನ್ ದ್ವೀಪಗಳು ಕಣ್ಣಳತೆಯಲ್ಲೇ ಇವೆ, ಸೇಂಟ್ ಜಾನ್ ಟೋರ್ಟೋಲಾದಿಂದ ಕೆಲವೇ ಮೈಲಿ. ಆದರೆ ಅದು ಬೇರೆ ದೇಶದ ಗಡಿ. ಖಾಸಗಿ ದೋಣಿಯಲ್ಲಿ ಹೋಗಲು ಅಮೆರಿಕದ ವೀಸಾ ಬೇಕು. ವಿಮಾನ ಸೇಂಟ್ ಥಾಮಸ್ ಮೂಲಕ ಬರುವುದಾದರೂ ಬೇಕು. ಟಿಕೆಟ್ ತೆಗೆಯುವ ಮುಂಚೆ ಇದನ್ನು ನೋಡಿಕೊಳ್ಳಿ.

ನೀರಿಗಿಳಿಯುವ ವಿಷಯ. ಇಳಿಯುವ ಮುಂಚೆ ಪ್ರತಿ ಸಲ ಸಿಬ್ಬಂದಿಗೆ ಹೇಳಬೇಕು, ಎಂಜಿನ್ ಶುರು ಮಾಡುವ ಮುಂಚೆ ಅವರು ತಲೆ ಎಣಿಸುತ್ತಾರೆ. ದೋಣಿಯ ಹಿಂದೆ ಒಂದು ತೇಲುಬೋಯೆ ಕಟ್ಟಿದ ಹಗ್ಗ ಬಿಡಿಸಿ, ಅದು ಯಾವ ಕಡೆ ಎಳೆಯುತ್ತದೆ ಎಂದು ನೋಡಿದರೆ ಸೆಳೆತ ತಿಳಿಯುತ್ತದೆ. ಹೋಗುವಾಗ ಸೆಳೆತಕ್ಕೆ ಎದುರು ಹೋಗಿ, ಸುಸ್ತಾದ ಮೇಲೆ ಅದೇ ಮರಳಿ ತರುತ್ತದೆ. ಮಕ್ಕಳ ಮಾಸ್ಕ್ ಹೊಂದುತ್ತದೆಯೇ ಎಂದು ನೋಡಲು ಪಟ್ಟಿ ಹಾಕದೆ ಮುಖಕ್ಕೊತ್ತಿ ಮೂಗಿನಿಂದ ಉಸಿರೆಳೆಯಲಿ. ಕೈಬಿಟ್ಟರೂ ಅಂಟಿಕೊಂಡಿದ್ದರೆ ಸರಿ. ಹಣೆಯ ಒಂದು ಕೂದಲೆಳೆ ಒಳಗೆ ಸಿಕ್ಕರೂ ನೀರು ನುಗ್ಗುತ್ತದೆ. ಹೊಸ ಮಾಸ್ಕ್ ಕೊಂಡರೆ ಗಾಜಿನ ಒಳಮೈಯನ್ನು ಮನೆಯಲ್ಲೇ ಟೂತ್‌ಪೇಸ್ಟ್ ಹಾಕಿ ಎರಡು ಮೂರು ಸಲ ಉಜ್ಜಿ, ಕಾರ್ಖಾನೆಯ ಪದರ ಹೋಗದಿದ್ದರೆ ಮಂಜು ಕಟ್ಟುತ್ತಲೇ ಇರುತ್ತದೆ. ತಂಗಿಗೆ ಸ್ನಾರ್ಕೆಲ್ ಆಸೆಯಿದ್ದರೆ ಮೊದಲು ಎದೆಮಟ್ಟದ ನೀರಿನಲ್ಲಿ ನಿಂತು, ಗಾಳಿ ತುಂಬುವ ಜಾಕೆಟ್ ತೊಟ್ಟು, ಪಕ್ಕದಲ್ಲಿ ಕ್ಯಾಪ್ಟನ್. ಸಾಲ್ಟ್ ದ್ವೀಪದ ಬಳಿ 1867ರ ಅಕ್ಟೋಬರ್ 29ರ ಚಂಡಮಾರುತದಲ್ಲಿ ಮುಳುಗಿದ ರೋನ್ ಎಂಬ ಹಡಗಿದೆ. ಅದರ ಹಿಂಭಾಗ ಕಡಿಮೆ ಆಳದಲ್ಲಿದ್ದು, ತಿಳಿನೀರಿನ ದಿನ ಮೇಲಿನಿಂದಲೇ ಪ್ರೊಪೆಲ್ಲರ್ ಕಾಣುತ್ತದೆ. 13ರ ಈಜುಗಾರರಿಗೆ ಅದು ಮರೆಯಲಾಗದ ದೃಶ್ಯ.

ದಡದಲ್ಲಿ ಒಂದೇ ಎಚ್ಚರಿಕೆ. ಮಂಚಿನೀಲ್ ಎಂಬ ಮರ, ಪುಟ್ಟ ಹಸಿರು ಸೇಬಿನಂಥ ಹಣ್ಣು. ಹಣ್ಣು ವಿಷ, ಹಾಲು ತಾಗಿದರೆ ಚರ್ಮ ಬೊಬ್ಬೆ ಬರುತ್ತದೆ. ಮಳೆಗೆ ಅದರಡಿ ನಿಂತರೆ ಎಲೆಯಿಂದ ತೊಟ್ಟಿಕ್ಕುವ ನೀರೂ ಸುಡುತ್ತದೆ. ಮೊದಲ ದಿನವೇ ಮಕ್ಕಳಿಗೆ ಮರ ತೋರಿಸಿ ಎಂದು ಸಿಬ್ಬಂದಿಯನ್ನು ಕೇಳಿ.

ಹೊರಡುವ ಕೆಲವು ವಾರ ಮುಂಚೆ ನಿಮಗೊಂದು ಇಷ್ಟಾನಿಷ್ಟಗಳ ಫಾರಂ ಬರುತ್ತದೆ. ಹೆಚ್ಚಿನವರು “ಏನಾದರೂ ಪರವಾಗಿಲ್ಲ” ಎಂದು ಬರೆದು ಕಳಿಸುತ್ತಾರೆ. ಅಡುಗೆಯವರಿಗೆ ಇದಕ್ಕಿಂತ ಕಷ್ಟದ ಉತ್ತರವಿಲ್ಲ. ವಾರದ ಸಾಮಾನನ್ನು ನೀವು ಬರುವ ಮುಂಚೆಯೇ ತುಂಬಿಸಿರುತ್ತಾರೆ, ಮೂರನೇ ದಿನ ಹೊರ ದ್ವೀಪದಲ್ಲಿ ಬೇಕಾದದ್ದು ಸಿಗುವುದಿಲ್ಲ. ಸಸ್ಯಾಹಾರಿ ಎಂದಷ್ಟೇ ಬರೆದರೆ ಸಾಲದು. ಮೊಟ್ಟೆ ಆಗುತ್ತದೆಯೇ, ಮೀನಿನ ಸಾಸ್, ಮಾಂಸದ ಸಾರಿನ ಪುಡಿ ಬಿದ್ದ ಸೂಪ್ ಆಗುತ್ತದೆಯೇ ಎಂದು ಬಿಡಿಸಿ ಬರೆಯಿರಿ. ಖಾರ ಎಷ್ಟು, ಬೆಳಿಗ್ಗೆ ಕಾಫಿ ಎಷ್ಟು ಗಂಟೆಗೆ, ಅಲರ್ಜಿ, ಮಾತ್ರೆಗಳು, ಮಂಡಿ, ಈಜು ಬಾರದವರ ಹೆಸರು, ಫಿನ್ (ಕಾಲಿಗೆ ಹಾಕುವ ಈಜುರೆಕ್ಕೆ) ಕೊಡಲು ಪಾದದ ಅಳತೆ, ಎಲ್ಲವೂ ಅದರಲ್ಲಿರಲಿ. ತಂಗಿಯ ಹೊಟ್ಟೆಯನ್ನು ಮುಚ್ಚಿಡಬೇಡಿ. ಕ್ಯಾಪ್ಟನ್ ದಾರಿ ಹಾಕುವುದೇ ಇದನ್ನು ನೋಡಿ.

ಟಿಪ್ ಬಗ್ಗೆ: ಕೆರಿಬಿಯನ್‌ನಲ್ಲಿ ಬಾಡಿಗೆಯ 15ರಿಂದ 20 ಶೇಕಡಾ ರೂಢಿ, ಮೆಡಿಟರೇನಿಯನ್‌ನಲ್ಲಾದರೆ 5ರಿಂದ 15. ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲಿ ಓಡುವುದು ಅಮೆರಿಕನ್ ಡಾಲರ್. ಲಕೋಟೆಯಲ್ಲಿಟ್ಟು ಕೊನೆಯ ದಿನ ಕ್ಯಾಪ್ಟನ್ ಕೈಗೆ. ಇದು ಬಲವಂತವಲ್ಲ, ಆದರೆ ಬಜೆಟ್‌ನಲ್ಲಿ ಮೊದಲೇ ಎತ್ತಿಡಿ. ನಿಮ್ಮ ಕರಾರು “ಎಲ್ಲ ಸೇರಿ” ಎನ್ನುವ ಬಗೆಯದೋ, ಬಾಡಿಗೆ ಬೇರೆ ಖರ್ಚು ಬೇರೆ ಎನ್ನುವ ಬಗೆಯದೋ ಎಂದು ನೋಡಿ. ಎರಡನೆಯದಾದರೆ ಊಟ, ಇಂಧನ, ಬಂದರು ಶುಲ್ಕಕ್ಕೆಂದು ಬಾಡಿಗೆಯ 20-35 ಶೇಕಡಾ ಮುಂಗಡ ಕಟ್ಟಿಸಿಕೊಂಡು, ಕೊನೆಗೆ ರಸೀದಿ ತೋರಿಸಿ ಉಳಿದದ್ದನ್ನು ಮರಳಿಸುತ್ತಾರೆ. “ಎಲ್ಲ ಸೇರಿ” ಎಂದಿದ್ದರೂ ಸರ್ಕಾರಿ ಪರವಾನಗಿ ಶುಲ್ಕ, ದಡದ ಊಟ, ಟ್ಯಾಕ್ಸಿ ಹೊರಗಿರಬಹುದು. ಸಿಬ್ಬಂದಿಗೆ ಒಂದು ಸಂಜೆ ಬಿಡುವು ಕೊಟ್ಟು ನೀವೇ ದಡದಲ್ಲಿ ಊಟ ಮಾಡಿ ಬನ್ನಿ. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ನಿಂತೇ ಇರುವವರು ಅವರು; ಗಾಳಿ ಜೋರಾದ ರಾತ್ರಿ ನೀವು ಮಲಗಿದ ಮೇಲೂ ಕ್ಯಾಪ್ಟನ್ ಎದ್ದು ಹಗ್ಗ ನೋಡಿ ಬರುತ್ತಾರೆ.

ಇಳಿಯುವುದು ಎಂಟನೇ ದಿನ ಮಧ್ಯಾಹ್ನ ಹನ್ನೆರಡಕ್ಕೆ. ಬೀಫ್ ಐಲೆಂಡ್ ವಿಮಾನ ನಿಲ್ದಾಣದಿಂದ ಹೊರಡುವುದಾದರೆ ಮೂರು ಗಂಟೆಯ ಮುಂಚಿನ ವಿಮಾನ ಹಿಡಿಯಬೇಡಿ, ಅವಸರದಲ್ಲಿ ಮಕ್ಕಳ ಚಾರ್ಜರ್‌ಗಳೆಲ್ಲ ದೋಣಿಯಲ್ಲೇ ಉಳಿಯುತ್ತವೆ. ಆ ದಿನವೂ ಮಾರನೆಯ ದಿನವೂ ಗಟ್ಟಿ ನೆಲ ಓಲಾಡಿದಂತಾಗುತ್ತದೆ, ಅದರಲ್ಲೂ ಸ್ನಾನದ ಮನೆಯಲ್ಲಿ ಕಣ್ಮುಚ್ಚಿ ತಲೆಗೆ ನೀರು ಹಾಕಿಕೊಳ್ಳುವಾಗ. ತಾಯಿಯವರು ಆ ಎರಡು ದಿನ ಗೋಡೆ ಹಿಡಿದು ನಿಲ್ಲಲಿ.